ವಾಕ್ಯ ಸಪ್ಪೆ ಹೊಡೆಯುತ್ತಿದೆಯೇ? ‘ಇದೆ’, ‘ಆಗಿದೆ’, ‘ಹೊಂದಿದೆ’ಗಳಲ್ಲಿ ದೋಷ ಹುಡುಕುವ ಬಗೆ

ಬರೆದದ್ದರಲ್ಲಿ ತಪ್ಪು ಕಾಣುವುದಿಲ್ಲ. ಕಾಗುಣಿತ ಸರಿ, ವಿಭಕ್ತಿ ಸರಿ, ಮಾಹಿತಿಯೂ ಸರಿ. ಆದರೂ ಎರಡನೇ ಪ್ಯಾರಾಕ್ಕೆ ಬರುವಷ್ಟರಲ್ಲಿ ಓದುವವರ ಕಣ್ಣು ಜಾರುತ್ತದೆ. ಉಪ್ಪು ಮರೆತ ಪಲ್ಯದ ಹಾಗೆ. ಏನು ಕಡಿಮೆ ಬಿತ್ತು ಅಂತ ಗೊತ್ತಾಗುವುದಿಲ್ಲ, ಕೈ ಮಾತ್ರ ತಟ್ಟೆಯಿಂದ ಹಿಂದೆ ಸರಿಯುತ್ತದೆ.

ಬಾಗಲಕೋಟೆಯ ನವನಗರದಲ್ಲಿ ಕೂತು ನಾನು ಬೇರೆಯವರ ಬರಹ ತಿದ್ದಿಕೊಡುತ್ತೇನೆ. ಶಾಲೆ ಮಕ್ಕಳ ಪ್ರಬಂಧ, ಸ್ವಸಹಾಯ ಸಂಘದ ವರದಿ, ಜಾತ್ರೆಯ ಸ್ಮರಣ ಸಂಚಿಕೆ, ನಿವೃತ್ತರ ಬೀಳ್ಕೊಡುಗೆ ಭಾಷಣ, ಹೀಗೆ ಕೈಗೆ ಬಂದದ್ದೆಲ್ಲ. ಇಷ್ಟು ವರ್ಷದಲ್ಲಿ ಒಂದು ಮಾತು ನನಗೆ ಖಾತ್ರಿ. ಸಪ್ಪೆ ಬರಹದ ಕಾಯಿಲೆ ಹೆಚ್ಚಾಗಿ ವಾಕ್ಯದ ಬಾಲದಲ್ಲಿ ಕೂತಿರುತ್ತದೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ ಅಲ್ವಾ. ಕೇಳುವವರು ಅಲ್ಲಿಯತನಕ ಕಾಯುತ್ತಾರೆ. ಅಲ್ಲಿ ಬಂದು ನಿಂತದ್ದು ಬರೀ ‘ಆಗಿದೆ’ ಆದರೆ ಕಾದದ್ದೆಲ್ಲ ದಂಡ.

ನಮ್ಮ ಇಳಕಲ್ ಸೀರೆ ನೋಡಿ. ಮೈಯ ಹಾಸು ಬೇರೆ, ಸೆರಗಿನ ಹಾಸು ಬೇರೆ. ನೇಕಾರರು ಎಳೆಗೆ ಎಳೆ ಕುಣಿಕೆ ಹಾಕಿ ಎರಡನ್ನೂ ಸೇರಿಸುತ್ತಾರೆ. ಅದಕ್ಕೆ ಕೊಂಡಿ ಅನ್ನುತ್ತಾರೆ. ಮೈಗೂ ಸೆರಗಿಗೂ ಮಧ್ಯೆ ಆ ಒಂದೇ ಜಾಗದಲ್ಲಿ ಕೊಂಡಿ ಬೇಕು. ಗೇಣಿಗೊಂದು ಕೊಂಡಿ ಹಾಕುತ್ತಾ ಹೋದರೆ ಸೀರೆ ಗಂಟುಗಂಟಾದೀತು. ‘ಇದೆ’, ‘ಆಗಿದೆ’, ‘ಆಗಿತ್ತು’ ಇವೂ ಕೊಂಡಿಗಳೇ. ಎರಡು ಮಾತನ್ನು ಕೂಡಿಸುತ್ತವೆ, ತಾವು ಏನನ್ನೂ ಮಾಡುವುದಿಲ್ಲ. ಎಲ್ಲಿ ಬೇಕು, ಎಲ್ಲಿ ಬೇಡ ಅಂತ ಪತ್ತೆ ಹಚ್ಚುವುದೇ ಈ ಕೈಪಿಡಿಯ ಕೆಲಸ. ಸುಲಭದ ಪರೀಕ್ಷೆಯಿಂದ ಶುರು ಮಾಡೋಣ. ಅಲ್ಲೇ ಗುಣವಾದರೆ ಮುಂದಿನದಕ್ಕೆ ಹೋಗುವ ಅಗತ್ಯವೇ ಇಲ್ಲ.

ಕೈ ಹಾಕುವ ಮುನ್ನ

ಮೂಲ ಪ್ರತಿಯನ್ನು ಬೇರೆ ಎತ್ತಿಡಿ. ತಿದ್ದುತ್ತಾ ತಿದ್ದುತ್ತಾ ಮೊದಲಿನ ಅರ್ಥವೇ ಕಳೆದುಹೋಗುತ್ತದೆ. ಆಗ ಹೋಲಿಸಿ ನೋಡಲು ಏನಾದರೂ ಬೇಕು.

ಕೆಲವು ಕಾಗದಗಳನ್ನು ಮುಟ್ಟಲೇಬೇಡಿ. ಖರೀದಿ ಪತ್ರ, ಕರಾರು, ಪಂಚನಾಮೆ, ವೈದ್ಯರು ಬರೆದುಕೊಟ್ಟ ಸೂಚನೆ. ‘ಸದರಿ ಜಮೀನು ನನ್ನ ಸ್ವಾಧೀನದಲ್ಲಿ ಇರುತ್ತದೆ’ ಎಂಬ ಮಾತು ಎಷ್ಟೇ ಒಣಕಲಾಗಿ ಕಂಡರೂ ಹಾಗೇ ಇರಲಿ. ಅಲ್ಲಿ ಒಂದು ಕ್ರಿಯಾಪದ ಬದಲಾದರೆ ಹಕ್ಕು ಬದಲಾದೀತು. ಅನುಮಾನ ಬಂದರೆ ವಕೀಲರಿಗೆ ತೋರಿಸಿ.

ಎಚ್ಚರಿಕೆಯ ಸೂಚನೆಗಳೂ ಹಾಗೆಯೇ. ಮಳೆಗಾಲದಲ್ಲಿ ಕೃಷ್ಣೆಯ ದಂಡೆಯ ಊರುಗಳಲ್ಲಿ ಡಂಗುರ ಸಾರುತ್ತಾರೆ, ಫಲಕ ಬರೆಯುತ್ತಾರೆ. ‘ನೀರು ಬಿಡಲಾಗಿದೆ’ ಅಂದರೆ ನೀರು ಆಗಲೇ ಹೊರಟಿದೆ. ‘ನೀರು ಬಿಡಲಾಗುವುದು’ ಅಂದರೆ ಇನ್ನೂ ಸಮಯವಿದೆ. ಅಂಥಲ್ಲಿ ಚಂದ ಮಾಡಲು ಹೋಗಿ ಕಾಲ ಬದಲಿಸಿದರೆ ಜೀವಕ್ಕೇ ಅಪಾಯ.

ಲಕ್ಷಣ: ಗಟ್ಟಿಯಾಗಿ ಓದಿದರೆ ಎಲ್ಲ ವಾಕ್ಯವೂ ಒಂದೇ ಸದ್ದಿನಲ್ಲಿ ಮುಗಿಯುತ್ತದೆ

ಇದು ಎಲ್ಲಕ್ಕಿಂತ ಅಗ್ಗದ ಪರೀಕ್ಷೆ. ಒಂದು ಪೆನ್ಸಿಲ್ ಸಾಕು. ಬರಹವನ್ನು ಜೋರಾಗಿ ಓದಿ. ಪ್ರತಿ ವಾಕ್ಯದ ಕೊನೆಯ ಪದಕ್ಕೆ ಸುತ್ತು ಹಾಕಿ. ಆಮೇಲೆ ಸುತ್ತು ಹಾಕಿದ ಪದಗಳನ್ನು ಮಾತ್ರ ಮೇಲಿನಿಂದ ಕೆಳಗೆ ಓದಿ.

ಪ್ರವಾಸದಿಂದ ಬಂದ ಮಕ್ಕಳು ಬರೆಯುವ ಪ್ರಬಂಧ ಸಾಮಾನ್ಯವಾಗಿ ಹೀಗಿರುತ್ತದೆ: ‘ವಿಜಯಪುರವು ಐತಿಹಾಸಿಕ ನಗರವಾಗಿದೆ. ಇಲ್ಲಿ ಗೋಳಗುಮ್ಮಟ ಇದೆ. ಇದು ಬಹಳ ದೊಡ್ಡದಾಗಿದೆ. ಇಲ್ಲಿ ಪಿಸುಮಾತಿನ ಗ್ಯಾಲರಿ ಇದೆ. ಇದು ಪ್ರವಾಸಿಗರಿಗೆ ಇಷ್ಟದ ಸ್ಥಳವಾಗಿದೆ.’

ಕೊನೆಯ ಪದಗಳನ್ನಷ್ಟೇ ಓದಿದರೆ? ಆಗಿದೆ, ಇದೆ, ಆಗಿದೆ, ಇದೆ, ಆಗಿದೆ. ಗಡಿಯಾರದ ಟಿಕ್ ಟಿಕ್. ಐದು ವಾಕ್ಯದಲ್ಲಿ ಯಾರೂ ಏನೂ ಮಾಡಲಿಲ್ಲ. ನನ್ನ ಲೆಕ್ಕದಲ್ಲಿ ಹತ್ತು ವಾಕ್ಯಕ್ಕೆ ಮೂರು ನಾಲ್ಕು ಕೊಂಡಿ ಬಂದರೆ ಬರಹ ಆರೋಗ್ಯವಾಗಿದೆ. ಅದನ್ನು ಬಿಟ್ಟುಬಿಡಿ. ಆರೇಳು ದಾಟಿದರೆ ತಿದ್ದಬೇಕು.

ಮೊದಲ ಮದ್ದು, ವಾಕ್ಯಗಳನ್ನು ಕೂಡಿಸುವುದು. ಹೊಸ ಪದ ಹುಡುಕುವ ಕೆಲಸವೂ ಜಾಸ್ತಿ ಇಲ್ಲ. ಕನ್ನಡದಲ್ಲಿ ‘ಹತ್ತಿ’, ‘ಹತ್ತಿದ’, ‘ಹತ್ತುತ್ತಾ’, ‘ಹತ್ತಿದರೆ’ ಅಂತ ಒಂದೇ ಕ್ರಿಯೆಯನ್ನು ಎಷ್ಟು ರೂಪದಲ್ಲಿ ಬೇಕಾದರೂ ನಡುವೆ ಪೋಣಿಸಬಹುದು.

‘ವಿಜಯಪುರಕ್ಕೆ ಬಂದವರು ಮೊದಲು ಗೋಳಗುಮ್ಮಟದ ದಾರಿ ಕೇಳುತ್ತಾರೆ. ಮೂಲೆಯ ಗೋಪುರದೊಳಗೆ ಏಳು ಅಂತಸ್ತು ಮೆಟ್ಟಿಲು ಹತ್ತಿ, ಏದುಸಿರು ಬಿಡುತ್ತಾ ಮೇಲೆ ಬಂದರೆ ಪಿಸುಮಾತಿನ ಗ್ಯಾಲರಿ. ಒಬ್ಬರು ಗೋಡೆಗೆ ಬಾಯಿ ಹಚ್ಚಿ ಪಿಸುಗುಟ್ಟಿದರೆ ಎದುರು ಬದಿಯಲ್ಲಿ ನಿಂತವರ ಕಿವಿಗೆ ಬೀಳುತ್ತದೆ.’

ಐದು ಮೂರಾಯಿತು. ಎರಡನೇ ವಾಕ್ಯದ ಕೊನೆಯಲ್ಲಿ ಕ್ರಿಯಾಪದವೇ ಇಲ್ಲ, ಆದರೂ ಏನೂ ಕೊರತೆ ಅನಿಸಲಿಲ್ಲ. ಅದರ ಬಗ್ಗೆ ಮುಂದೆ ಹೇಳುತ್ತೇನೆ.

ಲಕ್ಷಣ: ‘ಆಗಿದೆ’, ‘ಆಗಿದ್ದಾರೆ’ ಕಂಡರೆ ಅನುವಾದದ ವಾಸನೆ ಬರುತ್ತದೆ

ಹೆಬ್ಬೆರಳಿನಿಂದ ‘ಆಗಿದೆ’ಯನ್ನು ಮುಚ್ಚಿ ವಾಕ್ಯ ಓದಿ. ಅರ್ಥ ಉಳಿಯಿತೇ? ಹಾಗಾದರೆ ಅಳಿಸಿಬಿಡಿ.

‘ನಮ್ಮ ತಂದೆಯವರು ರೈತರಾಗಿದ್ದಾರೆ.’ ಮುಚ್ಚಿ ಓದಿದರೆ ‘ನಮ್ಮ ತಂದೆ ರೈತರು’. ಮುಗಿಯಿತು. ಬಸ್ಸಿನಲ್ಲಿ ಪಕ್ಕದವರು ಕೇಳಿದರೆ ನೀವೂ ಹೀಗೇ ಹೇಳುತ್ತೀರಿ ಅಲ್ವಾ? ಪೆನ್ನು ಹಿಡಿದ ಕೂಡಲೇ ಯಾಕೆ ‘ಆಗಿದ್ದಾರೆ’ ಬರಬೇಕು?

ಇಂಗ್ಲಿಷಿನಲ್ಲಿ ‘ಈಸ್’ ಇಲ್ಲದೆ ಇಂಥ ವಾಕ್ಯ ನಿಲ್ಲುವುದಿಲ್ಲ. ಕನ್ನಡದಲ್ಲಿ ನಿಲ್ಲುತ್ತದೆ. ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ಸಾಕು, ನಡುವಿನ ಸಂಬಂಧ ತಾನೇ ಹುಟ್ಟುತ್ತದೆ. ಗಾದೆಗಳನ್ನು ನೆನಪಿಸಿಕೊಳ್ಳಿ. ‘ಮಾತು ಬೆಳ್ಳಿ, ಮೌನ ಬಂಗಾರ.’ ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.’ ಒಂದರಲ್ಲೂ ಕ್ರಿಯಾಪದವಿಲ್ಲ. ಈಗ ‘ಮಾತು ಬೆಳ್ಳಿಯಾಗಿದೆ, ಮೌನ ಬಂಗಾರವಾಗಿದೆ’ ಅಂದು ನೋಡಿ. ಗಾದೆ ಸತ್ತುಹೋಯಿತು.

ಇದಕ್ಕೆ ಇನ್ನೂ ಹಳೆಯ ಸಾಕ್ಷಿ ನಮ್ಮ ಜಿಲ್ಲೆಯಲ್ಲೇ ಕಲ್ಲಿನ ಮೇಲಿದೆ. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಸುಮಾರು 700ನೇ ಇಸವಿಯದು ಅನ್ನುತ್ತಾರೆ. ಕನ್ನಡದಲ್ಲಿ ಸಿಕ್ಕ ತೀರಾ ಹಳೆಯ ತ್ರಿಪದಿಗಳು ಅದರಲ್ಲಿವೆ. ಅದರ ಒಂದು ಪದ್ಯ ಹೀಗೆ:

ಸಾಧುಗೆ ಸಾಧು ಮಾಧುರ್ಯಂಗೆ ಮಾಧುರ್ಯಂ
ಬಾಧಿಪ್ಪ ಕಲಿಗೆ ಕಲಿಯುಗ ವಿಪರೀತನ್
ಮಾಧವನೀತನ್ ಪೆರನಲ್ಲ

ಒಳ್ಳೆಯವರಿಗೆ ಒಳ್ಳೆಯವ, ಸವಿಮಾತಿನವರಿಗೆ ಸವಿಯಾದವ, ಕಾಡುವ ಕಲಿಗೆ ಕಲಿಯುಗದ ವಿಪರೀತ ಪುರುಷ, ಇವನು ಮಾಧವನೇ, ಬೇರೆಯವನಲ್ಲ. ಒಬ್ಬ ಮನುಷ್ಯನ ಇಡೀ ಸ್ವಭಾವವನ್ನು ಮೂರು ಸಾಲಿನಲ್ಲಿ ಹೇಳಿದ್ದಾರೆ. ‘ಆಗಿದ್ದಾನೆ’ ಎಲ್ಲೂ ಇಲ್ಲ. ಕೊನೆಯಲ್ಲಿ ಒಂದು ‘ಅಲ್ಲ’ ಮಾತ್ರ, ಅದೂ ಗುದ್ದಿದ ಹಾಗೆ. ಅಗಸ್ತ್ಯ ತೀರ್ಥದ ಕಡೆ ಹೋದಾಗ ಆ ಬಂಡೆಯ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ಕೊಂಡಿಯಿಲ್ಲದ ವಾಕ್ಯ ಈ ಭಾಷೆಗೆ ಎಷ್ಟು ಸಹಜ ಎಂಬುದು ಅಲ್ಲಿ ತಿಳಿಯುತ್ತದೆ.

ಎಚ್ಚರಿಕೆ ಇಲ್ಲೂ ಒಂದಿದೆ. ಎಲ್ಲ ‘ಆಗಿದೆ’ಯೂ ಕೀಳಬೇಕಾದ ಕಳೆಯಲ್ಲ. ‘ಹಾಲು ಮೊಸರಾಗಿದೆ’ಯಲ್ಲಿ ಅದನ್ನು ಅಳಿಸಿದರೆ ‘ಹಾಲು ಮೊಸರು’ ಉಳಿಯುತ್ತದೆ, ಅರ್ಥ ಹೋಗುತ್ತದೆ. ಅಲ್ಲಿ ನಿಜವಾಗಿಯೂ ಒಂದು ಇನ್ನೊಂದಾಗಿ ಬದಲಾಗಿದೆ. ‘ಅನ್ನ ಆಗಿದೆ’, ‘ಹೊತ್ತಾಗಿದೆ’, ‘ಮದುವೆ ಆಗಿದೆ’ ಇವೆಲ್ಲ ಗಟ್ಟಿ ಕ್ರಿಯಾಪದಗಳು. ಹೀಗೆ ಕೇಳಿಕೊಳ್ಳಿ: ಏನಾದರೂ ಬದಲಾಯಿತೇ, ಮುಗಿಯಿತೇ? ಹೌದಾದರೆ ಇಟ್ಟುಕೊಳ್ಳಿ.

‘ಆಗಿತ್ತು’ ಇನ್ನೂ ಸ್ವಲ್ಪ ನಾಜೂಕು. ‘ಬಾದಾಮಿ ಚಾಲುಕ್ಯರ ರಾಜಧಾನಿಯಾಗಿತ್ತು’ ಅಂದಾಗ ‘ಆಗಿತ್ತು’ ಕಾಲವನ್ನೂ ಹೇಳುತ್ತಿದೆ. ಸುಮ್ನೆ ಅಳಿಸಿದರೆ ಈಗಲೂ ರಾಜಧಾನಿ ಅಂದಂತಾಗುತ್ತದೆ. ಅಲ್ಲಿ ಕೆಲಸ ಮಾಡಿದವರನ್ನು ಮುಂದೆ ತನ್ನಿ: ‘ಚಾಲುಕ್ಯರು ಬಾದಾಮಿಯಿಂದ ಆಳಿದರು.’ ಕಾಲವೂ ಉಳಿಯಿತು, ಆಳುವವರೂ ಬಂದರು.

ಲಕ್ಷಣ: ಕಟ್ಟಡ, ಊರು, ನದಿ ಎಲ್ಲವೂ ಏನನ್ನೋ ‘ಹೊಂದಿದೆ’

‘ಹೊಂದಿದೆ’, ‘ಒಳಗೊಂಡಿದೆ’, ‘ಪಡೆದಿದೆ’. ಮಾಹಿತಿ ಫಲಕಗಳಿಗೆ ತೀರಾ ಪ್ರಿಯವಾದ ಪದಗಳಿವು. ಕನ್ನಡದಲ್ಲಿ ನಾವು ‘ನನಗೆ ಇಬ್ಬರು ಮಕ್ಕಳು’ ಅನ್ನುತ್ತೇವೆ. ‘ನಾನು ಇಬ್ಬರು ಮಕ್ಕಳನ್ನು ಹೊಂದಿದ್ದೇನೆ’ ಅಂದರೆ ಮನೆಯವರೇ ತಿರುಗಿ ನೋಡುತ್ತಾರೆ.

ಸುಲಭ ಮದ್ದು: ‘ಗೆ’ ಅಥವಾ ‘ದ’ ಪ್ರತ್ಯಯ. ‘ಊರು ಮೂರು ಕೆರೆಗಳನ್ನು ಹೊಂದಿದೆ’ ಹೋಗಿ ‘ಊರಿಗೆ ಮೂರು ಕೆರೆ’. ಅಷ್ಟಕ್ಕೇ ಬಹಳ ಸಲ ಗುಣವಾಗುತ್ತದೆ.

ಗುಣವಾಗದಿದ್ದರೆ ಇನ್ನೊಂದು ಹೆಜ್ಜೆ. ಆ ವಸ್ತು ಏನು ಮಾಡುತ್ತದೆ ಅಂತ ತಿಳಿದುಕೊಳ್ಳಿ. ‘ಗೋಳಗುಮ್ಮಟವು 44 ಮೀಟರ್ ವ್ಯಾಸದ ಗುಮ್ಮಟವನ್ನು ಹೊಂದಿದೆ’ ಎಂಬ ವಾಕ್ಯವನ್ನು ಒಂದು ಸಲ ತಿದ್ದುತ್ತಾ ಕೂತಿದ್ದೆ. ಪ್ರತ್ಯಯ ಬದಲಿಸಿದೆ, ಅಷ್ಟೇನೂ ಜೀವ ಬರಲಿಲ್ಲ. ಆಮೇಲೆ ನನಗೇ ಒಂದು ಪ್ರಶ್ನೆ ಬಂತು. ಅಷ್ಟು ದೊಡ್ಡ ಗುಮ್ಮಟ ನಡುವೆ ಕಂಬವೇ ಇಲ್ಲದೆ ಹೇಗೆ ನಿಂತಿದೆ? ಅದನ್ನು ಓದಿ ತಿಳಿದ ಮೇಲೆ ವಾಕ್ಯ ತಾನಾಗಿ ಬಂತು: ‘ಗುಮ್ಮಟ ಅಂಚಿನಿಂದ ಅಂಚಿಗೆ ಸುಮಾರು 44 ಮೀಟರ್. ಕೆಳಗೆ ಒಂದು ಕಂಬವೂ ಇಲ್ಲ. ಒಂದನ್ನೊಂದು ಹಾಯ್ದುಹೋಗುವ ಎಂಟು ಕಮಾನುಗಳು ಆ ಭಾರವನ್ನು ಹೊತ್ತು ನಾಲ್ಕು ಗೋಡೆಗಳಿಗೆ ಇಳಿಸುತ್ತವೆ.’

ಹಾಯುವುದು, ಹೊರುವುದು, ಇಳಿಸುವುದು. ಮೂರೂ ಹಮಾಲರಿಗೂ ಗೊತ್ತಿರುವ ಮಾತು. ಇವು ಪದಕೋಶದಿಂದ ಬಂದವಲ್ಲ. ಕಮಾನಿನ ಕೆಲಸ ತಿಳಿದದ್ದರಿಂದ ಬಂದವು. ಒಳ್ಳೆಯ ಕ್ರಿಯಾಪದ ಸಿಗದಿದ್ದರೆ ಹೆಚ್ಚಿನ ಸಲ ನಮಗೆ ಭಾಷೆ ಕಡಿಮೆ ಬಿದ್ದಿರುವುದಿಲ್ಲ, ವಿಷಯವೇ ಪೂರ್ತಿ ತಿಳಿದಿರುವುದಿಲ್ಲ.

ಲಕ್ಷಣ: ಕೆಲಸವೆಲ್ಲ ನಡೆದಿದೆ, ಮಾಡಿದವರು ಯಾರೂ ಕಾಣುವುದಿಲ್ಲ

‘ವಿತರಿಸಲಾಯಿತು’, ‘ಹಮ್ಮಿಕೊಳ್ಳಲಾಗಿತ್ತು’, ‘ನಿರ್ಮಿಸಲಾಗಿದೆ’. ಪರೀಕ್ಷೆ ಒಂದೇ ಪ್ರಶ್ನೆ: ಯಾರು?

‘ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯವನ್ನು 8ನೇ ಶತಮಾನದಲ್ಲಿ ನಿರ್ಮಿಸಲಾಗಿದೆ.’ ಯಾರು? ಎರಡನೇ ವಿಕ್ರಮಾದಿತ್ಯ ಕಂಚಿಯ ಪಲ್ಲವರನ್ನು ಗೆದ್ದ. ಆ ಗೆಲುವಿನ ಗುರುತಿಗೆ ರಾಣಿ ಲೋಕಮಹಾದೇವಿ ಗುಡಿ ಕಟ್ಟಿಸಿದಳು. ಕಟ್ಟಿದವನು ಗುಂಡ ಅನಿವಾರಿತಾಚಾರಿ. ಅಲ್ಲಿನ ಶಾಸನ ಅವನ ಹೆಸರನ್ನು ಹೊಗಳಿ ಬರೆದಿದೆ. ಆ ಶಿಲ್ಪಿಯ ಹೆಸರನ್ನು ಅರಸರೇ ಕಲ್ಲಿನಲ್ಲಿ ಉಳಿಸಿದರು. ನಮ್ಮ ಒಂದು ‘ನಿರ್ಮಿಸಲಾಗಿದೆ’ ರಾಣಿಯನ್ನೂ ಶಿಲ್ಪಿಯನ್ನೂ ಒಟ್ಟಿಗೆ ಅಳಿಸಿಹಾಕುತ್ತದೆ. ನನಗೆ ಇದು ಬರೀ ಶೈಲಿಯ ಮಾತಾಗಿ ಕಾಣುವುದಿಲ್ಲ.

‘ಕಟ್ಟಿಸಿದಳು’, ‘ಕಟ್ಟಿದ’ ಎಂಬ ವ್ಯತ್ಯಾಸವನ್ನೂ ಗಮನಿಸಿ. ಒಂದು ‘ಇಸು’ ಸೇರಿಸಿದರೆ ಮಾಡಿಸಿದವರು, ತೆಗೆದರೆ ಮಾಡಿದವರು.

ಮಾಡಿದವರು ಗೊತ್ತಿಲ್ಲದಿದ್ದರೆ ‘ಲಾಗಿದೆ’ ಇರಲಿ. ತೊಂದರೆಗೆ ಸಿಕ್ಕವರ ಗುರುತು ಮುಚ್ಚಬೇಕಾದಾಗಲೂ ಇರಲಿ.

ಲಕ್ಷಣ: ಕ್ರಿಯಾಪದಕ್ಕೆ ಹೊಟ್ಟೆ ಬಂದಿದೆ

‘ಅತಿಥಿಗಳ ಆಗಮನವಾಯಿತು.’ ಬಂದರು. ‘ಕಡತಗಳ ಪರಿಶೀಲನೆಯನ್ನು ನಡೆಸಲಾಯಿತು.’ ನೋಡಿದರು. ‘ಸಸಿಗಳ ನೆಡುವಿಕೆ ಕಾರ್ಯವನ್ನು ಕೈಗೊಂಡರು.’ ನೆಟ್ಟರು. ಇಲ್ಲಿ ಒಳ್ಳೆಯ ಕ್ರಿಯಾಪದ ವಾಕ್ಯದ ಒಳಗೇ ಇದೆ. ಯಾರೋ ಅದನ್ನು ನಾಮಪದ ಮಾಡಿ, ಪಕ್ಕಕ್ಕೆ ‘ನಡೆಸು’, ‘ಕೈಗೊಳ್ಳು’ ಎಂಬ ಆಳುಗಳನ್ನು ಇಟ್ಟಿದ್ದಾರೆ. ಆಳುಗಳನ್ನು ಕಳಿಸಿ, ಯಜಮಾನನನ್ನು ಕರೆಯಿರಿ.

ಕೈಕೆಲಸದ ಬಗ್ಗೆ ಬರೆಯುವಾಗ ಈ ದೋಷ ತೀರಾ ಹೊಟ್ಟೆ ಉರಿಸುತ್ತದೆ. ‘ಜೋಳದ ಕಟಾವು ಹಾಗೂ ಸಂಸ್ಕರಣೆ ಕಾರ್ಯ ನಡೆಯುತ್ತದೆ’ ಅಂತ ಒಂದು ಲೇಖನದಲ್ಲಿ ಓದಿದೆ. ವಿಜಯಪುರದ ಎರೆ ಹೊಲಕ್ಕೆ ಹೋಗಿ ನೋಡಿ. ಬಿಳಿಜೋಳ ಕೀಳುತ್ತಾರೆ. ತೆನೆ ಮುರಿಯುತ್ತಾರೆ. ಕಣದಲ್ಲಿ ರಾಶಿ ಮಾಡುತ್ತಾರೆ. ಗಾಳಿ ನೋಡಿ ತೂರುತ್ತಾರೆ. ಒಂದೊಂದು ಹಂತಕ್ಕೂ ಒಂದೊಂದು ಪದ. ಅಷ್ಟನ್ನೂ ಬಿಟ್ಟು ‘ಸಂಸ್ಕರಣೆ’ ಯಾಕೆ?

ಅಡುಗೆಮನೆಯಲ್ಲೂ ಅಷ್ಟೇ. ‘ರೊಟ್ಟಿಯನ್ನು ತಯಾರಿಸಲಾಗುತ್ತದೆ’ ಅಂದರೆ ಕಣ್ಣಿಗೆ ಏನೂ ಬರುವುದಿಲ್ಲ. ಬಿಸಿನೀರು ಹಾಕಿ ಹಿಟ್ಟು ನಾದುತ್ತಾರೆ. ಬಡಿಯುತ್ತಾರೆ. ಹಂಚಿಗೆ ಹಾಕಿ ಮೇಲೆ ನೀರು ಸವರುತ್ತಾರೆ. ಮಗುಚುತ್ತಾರೆ. ‘ಬಡಿಯುತ್ತಾರೆ’ ಅಂದ ತಕ್ಷಣ ಬಳೆ ಸದ್ದು, ಅಂಗೈ ಸದ್ದು ಎರಡೂ ಕೇಳುತ್ತವೆ. ಬೆಳಗಾವಿಯಿಂದ ವಿಜಯಪುರದವರೆಗೆ ಯಾವ ಓಣಿಯಲ್ಲಿ ಬೆಳೆದವರಿಗೂ ಆ ಸದ್ದು ಗೊತ್ತು.

ಇಲ್ಲಿ ಜನ ಮಾಡುವ ಒಂದು ತಪ್ಪು ಹೇಳಿಬಿಡುತ್ತೇನೆ. ‘ಮಾಡು’ ದುರ್ಬಲ ಅಂತ ಕೇಳಿ ಎಲ್ಲ ‘ಮಾಡು’ವನ್ನೂ ಕಿತ್ತುಹಾಕುತ್ತಾರೆ. ‘ಹಬ್ಬ ಮಾಡಿದರು’ ಹೋಗಿ ‘ಹಬ್ಬವನ್ನು ಆಚರಿಸಿದರು’ ಬರುತ್ತದೆ. ‘ಊಟ ಮಾಡಿದರು’ ಹೋಗಿ ‘ಭೋಜನ ಸವಿದರು’ ಬರುತ್ತದೆ. ಇದು ರೋಗಕ್ಕಿಂತ ಕೆಟ್ಟ ಮದ್ದು. ಮೇಲೆ ‘ರಾಶಿ ಮಾಡುತ್ತಾರೆ’ ಅಂತ ನಾನೇ ಬರೆದೆ. ರೈತರ ಬಾಯಲ್ಲಿರುವುದೇ ಅದು. ಜನ ಆಡುವ ‘ಮಾಡು’ ಗಟ್ಟಿ, ಕಚೇರಿಯ ಕಾಗದದಿಂದ ಬಂದ ‘ಮಾಡು’ ಸಡಿಲ. ಅನುಮಾನವಾದರೆ ನಿಮ್ಮ ಮನೆಯ ಹಿರಿಯರು ಅದನ್ನು ಹೇಗೆ ಹೇಳುತ್ತಾರೆ ಅಂತ ಕೇಳಿ ನೋಡಿ.

ಲಕ್ಷಣ: ‘ಸುಂದರವಾಗಿತ್ತು’, ‘ಅದ್ಭುತವಾಗಿತ್ತು’ ಅಂದರೂ ಕಣ್ಣಿಗೆ ಏನೂ ಬರುವುದಿಲ್ಲ

ಈ ದೋಷ ಸ್ವಲ್ಪ ಆಳದ್ದು. ಪದ ಅಳಿಸಿದರೆ ಹೋಗುವುದಿಲ್ಲ, ಪದ ಬದಲಿಸಿದರೂ ಹೋಗುವುದಿಲ್ಲ. ‘ಸುಂದರವಾಗಿತ್ತು’ ತೆಗೆದು ‘ರಮಣೀಯವಾಗಿತ್ತು’ ಹಾಕಿದರೆ ಅದೇ ರೋಗಕ್ಕೆ ಹೊಸ ಅಂಗಿ.

ಗೋಕಾಕ ಜಲಪಾತ ನೋಡಿ ಬಂದವರ ಬರಹ ತೆಗೆದುಕೊಳ್ಳೋಣ. ‘ಜಲಪಾತವು ನೋಡಲು ಬಹಳ ಸುಂದರವಾಗಿತ್ತು.’ ಇಲ್ಲಿ ಕೇಳಬೇಕಾದ್ದು, ನೀರು ಏನು ಮಾಡುತ್ತಿತ್ತು? ನಿಮ್ಮ ಮೈಗೆ ಏನಾಯಿತು? ‘ಘಟಪ್ರಭೆ ಸುಮಾರು 52 ಮೀಟರ್ ಎತ್ತರದಿಂದ ಧುಮುಕುತ್ತಿತ್ತು. ಮಣ್ಣು ಕಲಸಿದ ಕೆಂಪು ನೀರು. ದೂರದಲ್ಲಿ ನಿಂತರೂ ತುಂತುರು ಬಂದು ಮುಖಕ್ಕೆ ಹೊಡೆಯಿತು. ಪಕ್ಕದವರ ಜೊತೆ ಮಾತಾಡಲು ಕಿರುಚಬೇಕಾಯಿತು.’ ‘ಸುಂದರ’ ಎಂಬ ಪದ ಬರಲೇ ಇಲ್ಲ. ಓದುವವರು ಅದನ್ನು ತಾವೇ ಹೇಳಿಕೊಳ್ಳುತ್ತಾರೆ.

ಇಲ್ಲಿ ಒಂದು ಕಟ್ಟುನಿಟ್ಟಿನ ಎಚ್ಚರಿಕೆ. ಇದು ಮಳೆಗಾಲದ ಚಿತ್ರ. ಏಪ್ರಿಲಿನಲ್ಲಿ ಹೋದರೆ ಅಲ್ಲಿ ಬಂಡೆಯೇ ಹೆಚ್ಚು ಕಾಣುತ್ತದೆ, ನೀರು ಇಳಿದರೂ ಎಳೆಎಳೆಯಾಗಿ ಇಳಿಯುತ್ತದೆ. ಆಗ ‘ಭೋರ್ಗರೆಯುತ್ತಿತ್ತು’ ಅಂತ ಬರೆದರೆ ಅದು ಸುಳ್ಳು. ಸಪ್ಪೆ ‘ಇತ್ತು’ ಯಾರನ್ನೂ ಮೋಸ ಮಾಡುವುದಿಲ್ಲ. ಜೋರಾದ ಕ್ರಿಯಾಪದ ಮೋಸ ಮಾಡಬಲ್ಲದು. ನೋಡದ್ದನ್ನು ಬರೆಯಬೇಡಿ. ಬೇಸಿಗೆಯಲ್ಲಿ ಕಂಡ ಆ ಬರಿ ಬಂಡೆಯನ್ನೇ ಬರೆಯಿರಿ, ಅದಕ್ಕೂ ತನ್ನದೇ ಕ್ರಿಯಾಪದಗಳು ಸಿಗುತ್ತವೆ. ಕಾಯುತ್ತದೆ, ಬಿರಿಯುತ್ತದೆ, ಕಣ್ಣು ಕುಕ್ಕುತ್ತದೆ.

ಬೇರೆಯವರ ಮಾತನ್ನು ವರದಿ ಮಾಡುವಾಗ ಈ ಎಚ್ಚರ ಇನ್ನೂ ಜಾಸ್ತಿ ಬೇಕು. ‘ಹೇಳಿದರು’ ಸಪ್ಪೆ ಅನಿಸಿ ‘ಒಪ್ಪಿಕೊಂಡರು’ ಹಾಕಿದರೆ, ಹೇಳಿದವರನ್ನು ನೀವೇ ತಪ್ಪಿತಸ್ಥರನ್ನಾಗಿ ಮಾಡಿದಿರಿ. ‘ಅಬ್ಬರಿಸಿದರು’, ‘ಗೋಗರೆದರು’ ಇವೂ ಹಾಗೇ. ‘ಹೇಳಿದರು’ ಎಂಬ ಪದವನ್ನು ಓದುವವರು ಗಮನಿಸದೆ ದಾಟುತ್ತಾರೆ. ಅದೇ ಅದರ ಒಳ್ಳೆಯ ಗುಣ.

ಲಕ್ಷಣ: ತಿದ್ದಿದ ಮೇಲೆ ಬರಹ ಕೂಗಾಡುತ್ತಿದೆ

‘ಬಿಸಿಲು ಸುಟ್ಟಿತು. ಬಸ್ಸು ಘರ್ಜಿಸಿತು. ಧೂಳು ನರ್ತಿಸಿತು. ನಿಲ್ದಾಣ ಕುದಿಯಿತು.’ ಮದ್ದಿನ ಪ್ರಮಾಣ ಹೆಚ್ಚಾಗಿದೆ. ನಿಲ್ಲಿಸಿ, ಮೂಲ ಪ್ರತಿ ತೆಗೆಯಿರಿ. ನಾಲ್ಕರಲ್ಲಿ ಒಂದನ್ನು ಇಟ್ಟುಕೊಂಡು ಉಳಿದವನ್ನು ಮೊದಲಿನಂತೆ ಮಾಡಿ. ನಾನಾದರೆ ಬಿಸಿಲನ್ನು ಇಟ್ಟುಕೊಳ್ಳುತ್ತೇನೆ. ನಮ್ಮ ಕಡೆ ಮೇ ತಿಂಗಳಲ್ಲಿ ಅದು ನಿಜವಾಗಿಯೂ ಸುಡುತ್ತದೆ. ಧೂಳು ನರ್ತಿಸುವುದಿಲ್ಲ, ಏಳುತ್ತದೆ.

‘ಇದೆ’ಗೂ ಒಂದು ಜಾಗವಿದೆ. ಅದು ಗುಣ ಹೇಳುವಾಗ ಸಡಿಲ, ಇರುವಿಕೆ ಹೇಳುವಾಗ ಗಟ್ಟಿ. ಬರಗಾಲದ ವರ್ಷ ‘ಹಗೇವಿನಲ್ಲಿ (ನೆಲದೊಳಗಿನ ಕಣಜದಲ್ಲಿ) ಇನ್ನೂ ಜೋಳ ಇದೆ’ ಅಂದರೆ ಆ ‘ಇದೆ’ ಮನೆ ಮಂದಿಯನ್ನೆಲ್ಲ ಬದುಕಿಸುವ ಮಾತು. ಫೋನಿನಲ್ಲಿ ಊರಿಂದ ಯಾರೋ ‘ಅವ್ವ ಇದ್ದಾಳೆ’ ಅಂದರೆ ಅದರ ಜಾಗಕ್ಕೆ ಯಾವ ಪದ ತರುತ್ತೀರಿ? ಇಲ್ಲದೆ ಹೋಗಬಹುದಾಗಿದ್ದ ಒಂದು ವಸ್ತು ಉಳಿದಿದ್ದರೆ ಅದಕ್ಕೆ ‘ಇದೆ’ಯೇ ಸರಿ. ಪೆನ್ಸಿಲ್ ಅಲ್ಲಿಗೆ ಒಯ್ಯಬೇಡಿ.

ಲಕ್ಷಣ: ಎಲ್ಲ ಮಾಡಿದರೂ ಸಪ್ಪೆ

ಒಂದೇ ವಾಕ್ಯವನ್ನು ಮೂರು ಸಲ ತಿದ್ದಿಯೂ ಸರಿಹೋಗದಿದ್ದರೆ ತಿದ್ದುವುದನ್ನು ನಿಲ್ಲಿಸಿ. ದೋಷ ಕ್ರಿಯಾಪದದಲ್ಲಿಲ್ಲ. ಹೇಳಲು ಬೇಕಾದ ವಿಷಯವೇ ನಿಮ್ಮ ಹತ್ತಿರ ಇಲ್ಲ. ಕಂಡವರನ್ನು ಹುಡುಕಿಕೊಂಡು ಹೋಗಬೇಕು. ಇಲ್ಲಿ ಬೇಕಾದ ಸಹಾಯ ಪಂಡಿತರದ್ದಲ್ಲ.

ನಮ್ಮ ಓಣಿಯ ಒಬ್ಬ ಹುಡುಗಿ ಎಂಟನೇ ತರಗತಿಯಲ್ಲಿದ್ದಾಗ ‘ನಮ್ಮ ಹಳೆಯ ಮನೆ’ ಅಂತ ಪ್ರಬಂಧ ಬರೆದು ತಂದಳು. ‘ನಮ್ಮ ಮನೆಯು ಹಳೆ ಬಾಗಲಕೋಟೆಯಲ್ಲಿ ಇತ್ತು. ಅದು ತುಂಬಾ ಸುಂದರವಾಗಿತ್ತು. ಈಗ ಅದು ಮುಳುಗಡೆಯಾಗಿದೆ. ಇದು ದುಃಖದ ಸಂಗತಿಯಾಗಿದೆ.’ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಊರಿಗೆ ಬಂದಾಗ ಅವಳು ಹುಟ್ಟಿರಲಿಲ್ಲ. ಆ ಮನೆಯನ್ನು ಅವಳು ನೋಡಿಯೇ ಇಲ್ಲ. ‘ಮುಳುಗಡೆಯಾಗಿದೆ’ಯನ್ನು ನಾನು ಮುಟ್ಟಲಿಲ್ಲ. ಅದು ನಮ್ಮೂರವರದೇ ಪದ. ಮುಳುಗಡೆಯ ಮೊದಲು, ಮುಳುಗಡೆ ಆದಮೇಲೆ ಅಂತಲೇ ಇಲ್ಲಿ ಜನ ವರ್ಷ ಎಣಿಸುತ್ತಾರೆ. ಉಳಿದದ್ದನ್ನು ಇಬ್ಬರೂ ಕೂತು ತಿದ್ದಿದೆವು. ಆಗಲಿಲ್ಲ. ‘ನಿಮ್ಮ ಆಯಿನ್ನ ಕೇಳು’ ಅಂದೆ. ನಮ್ಮ ಕಡೆ ಆಯಿ ಅಂದರೆ ಅಜ್ಜಿ, ಮುತ್ಯಾ ಅಂದರೆ ಅಜ್ಜ.

ಸಂಜೆ ಅವರ ಮನೆಗೆ ನಾನೂ ಹೋದೆ. ಹುಡುಗಿ ವಹಿ ಹಿಡಿದು ಕೂತಳು.

‘ಆಯಿ, ಹಳೇ ಮನಿ ಹೆಂಗಿತ್ತ ಬೇ?’

‘ಹೆಂಗಿತ್ತು ಅಂದ್ರ? ಬಾಗಿಲಾಗ ಬಗ್ಗಿ ಒಳಗ ಹೋಗಬೇಕು. ಬಗ್ಗಲಿಲ್ಲ ಅಂದ್ರ ಹಣಿ ಬಡೀತಿತ್ತು. ನಿಮ್ಮ ಮುತ್ಯಾ ದಿನಾ ಬಡಿಸ್ಕೊಂಡು ದಿನಾ ಬೈತಿದ್ದ. ಬಿಟ್ಟ ಬರೂ ದಿನಾ ಅವನ ಆ ಬಾಗಿಲಾ ಕಿತ್ತು ಗಾಡ್ಯಾಗ ಹಾಕ್ದ. ಬ್ಯಾಡ ಅಂದ್ರ ಕೇಳಲಿಲ್ಲ.’

ಪ್ರಶ್ನೆ ‘ಹೆಂಗಿತ್ತ’ ಎಂದಿತ್ತು. ಉತ್ತರದಲ್ಲಿ ಬಗ್ಗುವುದು, ಬಡಿಯುವುದು, ಬೈಯುವುದು, ಕೀಳುವುದು ಒಂದರ ಹಿಂದೆ ಒಂದು ಬಂದವು. ಮನೆ ಸುಂದರವಾಗಿತ್ತು ಅಂತ ಆಯಿ ಒಮ್ಮೆಯೂ ಹೇಳಲಿಲ್ಲ. ಹುಡುಗಿ ಬರೆದುಕೊಳ್ಳುವುದನ್ನು ಬಿಟ್ಟು ಕೇಳುತ್ತಾ ಕೂತಳು.

ಮರುದಿನ ತಂದ ಪ್ರಬಂಧ ಹೀಗಿತ್ತು: ‘ನಮ್ಮ ಹಳೆ ಮನೆಯ ಬಾಗಿಲು ಗಿಡ್ಡ. ಬಗ್ಗದವರ ಹಣೆಗೆ ಬಡಿಯುತ್ತಿತ್ತು. ಮುತ್ಯಾ ದಿನಾ ಬಡಿಸಿಕೊಂಡು ದಿನಾ ಬೈಯುತ್ತಿದ್ದರು. ಮುಳುಗಡೆಯಾಗುವ ಮುಂಚೆ ಊರು ಬಿಟ್ಟಾಗ ಅವರೇ ಅದನ್ನು ಕಿತ್ತು ಗಾಡಿಗೆ ಹಾಕಿದರು. ಈಗ ಮುತ್ಯಾ ಇಲ್ಲ. ಬಾಗಿಲು ನಮ್ಮ ಹಿತ್ತಲಲ್ಲಿ ಇದೆ.’

ಕೊನೆಯ ಆ ‘ಇದೆ’ಗೆ ನಾನು ಸುತ್ತು ಹಾಕಲಿಲ್ಲ.